ಎಣ್ಣೆ ಬಿಡಬಾರದ ಜಾಗ

ನನ್ನ ಭಾವನ ಮನೆಯಲ್ಲಿ ಯಾವ ಬಾಗಿಲೂ ಸದ್ದು ಮಾಡುವುದಿಲ್ಲ. ಕಳ್ಳರಿಗೆ ಇಷ್ಟೊಂದು ಅನುಕೂಲ ಮಾಡಿಕೊಟ್ಟ ಮನೆ ಇಡೀ ಮಸ್ಕತ್‌ನಲ್ಲಿ ಇನ್ನೊಂದು ಇರಲಾರದು! ಬಾಗಿಲು ತೆರೆದದ್ದು ಗೊತ್ತಾಗುವುದಿಲ್ಲ, ಕಪಾಟು ಮುಚ್ಚಿದ್ದು ಗೊತ್ತಾಗುವುದಿಲ್ಲ, ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ತಲೆಯೆತ್ತಿ ನೋಡಿಯೇ ತಿಳಿಯಬೇಕು. ನಾನು ಅವರ ಮೇಲಿನ ಮಹಡಿಯಲ್ಲೇ ಇರುವವಳು, ಹೇಳದೆ ಕೇಳದೆ ಒಳಗೆ ನುಗ್ಗುವವಳು. ಹಾಗೆ ನುಗ್ಗಿದಾಗೆಲ್ಲ ಅಕ್ಕ ಬೆಚ್ಚಿಬಿದ್ದು ಕೈಯಲ್ಲಿದ್ದ ಸೌಟು ಕೆಳಗೆ ಹಾಕುತ್ತಾಳೆ. "ಒಮ್ಮೆ ಕೆಮ್ಮಿಯಾದ್ರೂ ಬಾ ಮಾರಾಯ್ತಿ" ಎನ್ನುತ್ತಾಳೆ. ಬಾಗಿಲು ಮಾಡಬೇಕಾದ ಕೆಲಸವನ್ನು ನಾನು ಮಾಡಬೇಕಂತೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಒಳ್ಳೆಯ ಮನುಷ್ಯ, ಸಿಗರೇಟಿಲ್ಲ, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ಕಿರುಗುಟ್ಟುವ ವಸ್ತುವನ್ನು ಕಂಡರೆ, ಅಳುವ ಮಗುವನ್ನು ಕಂಡ ಹಾಗೆ ಅವರ ಕರುಳು ಚುರುಕ್ ಎನ್ನುತ್ತದೆ. ಓಡಿಹೋಗಿ ಎಣ್ಣೆ ತರುತ್ತಾರೆ. ಯಾವ ಎಣ್ಣೆ? ತೆಂಗಿನೆಣ್ಣೆ, ಮತ್ತೆಂಥದ್ದು! ಊರಿಗೆ ಹೋದಾಗ ಪುತ್ತೂರಿನ ಮಿಲ್ಲಿನಲ್ಲಿ ಕಣ್ಣೆದುರೇ ಕೊಬ್ಬರಿ ಆಡಿಸಿ, ಬಾಟಲಿಯ ಬಾಯಿಗೆ ಟೇಪು, ಟೇಪಿನ ಮೇಲೆ ಪ್ಲಾಸ್ಟಿಕ್, ಪ್ಲಾಸ್ಟಿಕ್ಕಿನ ಮೇಲೆ ಲುಂಗಿ ಸುತ್ತಿ ಸೂಟ್‌ಕೇಸಿನ ನಟ್ಟನಡುವೆ ಮಲಗಿಸಿ ತಂದ ಎಣ್ಣೆ. ಅಕ್ಕನ ಸೀರೆಗಳಿಗೆ ಅದರ ಅಕ್ಕಪಕ್ಕ ಜಾಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮುಂದಿನ ವರ್ಷ. ಆ ಎಣ್ಣೆಯೇ ತಲೆಗೆ, ಅದೇ ಒಗ್ಗರಣೆಗೆ, ಅದೇ ಬಿಜಾಗರಿಗೆ, ಅದೇ ಮಂಡಿನೋವಿಗೆ.

ಈ ಹುಚ್ಚು ಒಮಾನ್‌ಗೆ ಬಂದಮೇಲೆ ಹಿಡಿದದ್ದು ಎಂದುಕೊಳ್ಳಬೇಡಿ. ಅಕ್ಕನನ್ನು ನೋಡಲು ಬಂದ ದಿನವೇ ನಮಗೆ ಇದರ ದರ್ಶನವಾಗಿತ್ತು. ನಮ್ಮ ಮನೆಯ ಗೇಟು ತೆರೆಯುವಾಗ 'ಕುಂಯ್ಯೋ' ಎಂದಿತು. ಬಂದವರು ಕೂತರು, ಅವಲಕ್ಕಿ ತಿಂದರು, ಅಕ್ಕ ಕಾಫಿ ತಂದುಕೊಟ್ಟಳು. ವರ ಮಾತ್ರ ಗೇಟಿನ ಕಡೆಗೇ ನೋಡುತ್ತಾ ಕೂತಿದ್ದರು. ಕೊನೆಗೆ ಅಪ್ಪ ಗಂಟಲು ಸರಿಮಾಡಿಕೊಂಡು, "ಹುಡುಗಿಯ ಹತ್ರ ಏನಾದ್ರೂ ಕೇಳ್ಲಿಕ್ಕುಂಟಾ?" ಎಂದರು. ಭಾವ ಅಕ್ಕನ ಮುಖ ನೋಡಿ ಬಹಳ ವಿನಯದಿಂದ ಕೇಳಿದರು, "ಒಂದು ಚಮಚ ತೆಂಗಿನೆಣ್ಣೆ ಸಿಗ್ಬಹುದಾ?"

ಅಕ್ಕ ತಂದುಕೊಟ್ಟಳು. ಅವರು ಗೇಟಿಗೆ ಎಣ್ಣೆ ಬಿಟ್ಟು, ಹತ್ತು ಸಲ ಆಚೀಚೆ ಆಡಿಸಿ, ಸಂತೃಪ್ತರಾಗಿ ಹೋದರು. ಬಂಗಾರದಂಥ ಸಂಬಂಧ ಕೈತಪ್ಪಿತೆಂದು ಅಮ್ಮ ಅಡುಗೆಮನೆಯಲ್ಲಿ ಕಣ್ಣೀರಿಟ್ಟಳು. ಸಂಜೆಯೇ ಫೋನು ಬಂತು, ಹುಡುಗಿ ಒಪ್ಪಿಗೆಯಂತೆ!

ಇಲ್ಲಿಗೆ ಬಂದಮೇಲೆ ಅವರ ಸೇವೆ ಅಂತಾರಾಷ್ಟ್ರೀಯವಾಯಿತು. ನಾವಿರುವುದು ಮಸ್ಕತ್‌ನ ಅಮೆರಾತ್‌ನಲ್ಲಿ, ಪೇಟೆಯ ಬೌಷರ್ ಭಾಗದಿಂದ ಬೆಟ್ಟದ ಆಚೆಗೆ. ಎದುರುಮನೆಯಲ್ಲಿ ಒಬ್ಬ ವಯಸ್ಸಾದ ಒಮಾನಿ ಯಜಮಾನರು. ಅವರ ಕಬ್ಬಿಣದ ಗೇಟು ತೆರೆದರೆ ಇಡೀ ಬೀದಿಗೆ ಕೇಳುತ್ತಿತ್ತು. ಭಾವ ಎಷ್ಟು ದಿನ ತಡೆದಾರು? ಒಂದು ಶುಕ್ರವಾರ ಅವರೆಲ್ಲ ಮಸೀದಿಗೆ ಹೋದ ಹೊತ್ತು ನೋಡಿ ಕೆಲಸ ಮುಗಿಸಿಬಿಟ್ಟರು. ವಾರ ಕಳೆದಿರಲಿಲ್ಲ, ಯಜಮಾನರು ನಮ್ಮ ಕಟ್ಟಡದ ಕೆಳಗೆ ನಿಂತು ಕೋಲು ಕುಟ್ಟುತ್ತಾ ಕರೆದರು. ಅವರ ಹಿಂದಿ ನಮ್ಮದಕ್ಕಿಂತ ಚೆನ್ನಾಗಿತ್ತು. ಅವರ ಚಿಕ್ಕ ಮಗ ಯಾವ ಹೊತ್ತಿಗೆ ಮನೆ ಸೇರುತ್ತಾನೆಂದು ತಿಳಿಯುತ್ತಿದ್ದದ್ದು ಆ ಗೇಟಿನ ಸದ್ದಿನಿಂದಲಂತೆ. ಈಗ ಅವನು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ!

"ಸದೀಕ್, ತೇಲ್ ಖಲಾಸ್! ಮೇರಾ ಆವಾಜ್ ವಾಪಸ್ ಕರೋ!" ಎಂದರು. ಎಣ್ಣೆ ಸಾಕು ಗೆಳೆಯಾ, ನನ್ನ ಸದ್ದು ನನಗೆ ಕೊಡು ಎಂದು!

ಸದ್ದನ್ನು ವಾಪಸು ಕೊಡುವುದು ಹೇಗೆ? ಭಾವ ಸೋಪಿನ ನೀರು ಹಾಕಿ ಉಜ್ಜಿ ಉಜ್ಜಿ, ಸ್ವಲ್ಪ ಮಣ್ಣು ಕೂಡ ತೂರಿ, ಅಂತೂ ಒಂದು ಸಣ್ಣ 'ಕುಂಯ್' ಹುಟ್ಟಿಸಿದರು. ಯಜಮಾನರು ಖುಷಿಯಾಗಿ ಖರ್ಜೂರ ಕಳಿಸಿದರು. ಭಾವ ಒಂದೂ ತಿನ್ನಲಿಲ್ಲ. ತನ್ನ ಕೈಯಾರೆ ಒಂದು ಬಿಜಾಗರಿಯನ್ನು ಹಾಳುಮಾಡಿದ ದುಃಖ!

ಇಂಥ ಮನುಷ್ಯನ ಬದುಕಿನಲ್ಲಿ ಹೋದ ಮಾರ್ಚ್ ತಿಂಗಳಲ್ಲಿ ಒಂದು ದೊಡ್ಡ ಸಂಕಟ ಬಂತು.

ಅಕ್ಕನಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು. ಟೆಸ್ಟ್ ತೆಗೆದುಕೊಳ್ಳುವ ಪೊಲೀಸರೇ ಇವಳನ್ನು ಕಂಡರೆ 'ಮತ್ತೆ ಬಂದ್ರಾ' ಎಂದು ಮಾತಾಡಿಸುವಷ್ಟು ಸಲ ಫೇಲಾಗಿ, ಕೊನೆಗೂ ಸಿಕ್ಕಿತು. ಅದರ ಬೆನ್ನಿಗೇ ಬೌಷರ್ ಕಡೆಯ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸವೂ ಸಿಕ್ಕಿತು. ಮದುವೆಗೆ ಮುಂಚೆ ಊರಿನಲ್ಲಿ ಟೀಚರಾಗಿದ್ದವಳು, ಆಮೇಲೆ ಇಷ್ಟು ವರ್ಷ ಮನೆಯಲ್ಲೇ ಕೂತವಳು. ಸುದ್ದಿ ಬಂದ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಭಾವ ಕಾರ್ಖಾನೆಯ ಬಸ್ಸಿನಲ್ಲಿ ಹೋಗುವವರಾದ್ದರಿಂದ ಹಳೇ ಕಾರು ಅವಳಿಗೇ. ಎಲ್ಲ ಸರಿ. ಆದರೆ ಅಮೆರಾತ್‌ನಿಂದ ಬೌಷರ್‌ಗೆ ಹೋಗಬೇಕಾದರೆ ನಡುವೆ ಆ ಘಾಟಿ ರಸ್ತೆ ಉಂಟಲ್ಲ! ನಮ್ಮ ಚಾರ್ಮಾಡಿಯಲ್ಲಾದರೆ ಕಣ್ಣಿಗೆ ತಂಪಾಗಿ ನಾಲ್ಕು ಮರವಾದರೂ ಉಂಟು. ಇಲ್ಲಿ ಬೋಳು ಕಲ್ಲುಬೆಟ್ಟ, ನೆತ್ತಿಯವರೆಗೆ ಹತ್ತಿಸಿ, ಆಚೆ ಕಡೆ ಒಂದೇ ಉಸಿರಿಗೆ ಇಳಿಸಿಬಿಡುತ್ತದೆ. ಹೊಸದಾಗಿ ಕಾರು ಕಲಿತವರಿಗೆ ಹೇಳಿ ಮಾಡಿಸಿದ ದಾರಿಯಲ್ಲ.

ಅಂಥಾ ಹೊತ್ತಿನಲ್ಲಿ ಕಾರು ಬ್ರೇಕ್ ಹಾಕಿದಾಗೆಲ್ಲ 'ಕ್ರೀಂಯ್' ಎನ್ನತೊಡಗಿತು.

ಕಿರುಗುಟ್ಟುವ ವಸ್ತು, ಎದುರಿಗೆ ನಮ್ಮ ಭಾವ! ನಾನು, ಈಗ ಬಾಟಲಿ ಬಂತು ನೋಡಿ ಎಂದು ಕಾಯುತ್ತಿದ್ದೆ. ಬರಲಿಲ್ಲ. ಅವರು ಬಿಳಿಚಿಕೊಂಡು ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಎಂತಾಯ್ತು ಭಾವ?"

"ಪ್ಯಾಡ್ ಸವೆದಿದೆ ಮಾರಾಯ್ತಿ. ಹೊಸತು ಹಾಕ್ಬೇಕು. ಅದಕ್ಕೆ ಎಣ್ಣೆ ಬಿಡ್ಲಿಕ್ಕಿಲ್ಲ."

"ಸದ್ದು ಆಗ್ತದಲ್ಲ?"

"ಆಗ್ತದೆ. ಆದ್ರೂ ಬಿಡ್ಲಿಕ್ಕಿಲ್ಲ!"

ಅವರ ಜೀವಮಾನದ ನಂಬಿಕೆಗೇ ಪೆಟ್ಟು ಬಿದ್ದಿತ್ತು. ಘಾಲಾದಲ್ಲಿ ಗ್ಯಾರೇಜುಗಳಿಗೇನು ಬರಗಾಲವೇ? ಅಲ್ಲಿಗೆ ಕೊಟ್ಟು ಸುಮ್ಮನಾಗಬಹುದಿತ್ತು. "ಇಲ್ಲ, ಇದು ನಾನೇ ಮಾಡುದು" ಎಂದುಬಿಟ್ಟರು. ಆಮೇಲೆ ಶುರುವಾಯಿತು ನೋಡಿ ಸಂಶೋಧನೆ! ಊಟ ಮಾಡುವಾಗ ಮೊಬೈಲಿನಲ್ಲಿ ಬ್ರೇಕಿನ ವೀಡಿಯೊ, ಹಲ್ಲುಜ್ಜುವಾಗ ಬ್ರೇಕಿನ ವೀಡಿಯೊ. ಅದರಿಂದ ಅವರಿಗೆ ತಿಳಿದದ್ದು ಇಷ್ಟು. ಪ್ಯಾಡುಗಳು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಕಚ್ಚಿ ಹಿಡಿದರೆ ಕಾರು ನಿಲ್ಲುತ್ತದೆ. ಅವೆರಡಕ್ಕೂ ಜಿಡ್ಡಿನ ಒಂದು ಹನಿಯೂ ತಾಗಬಾರದು. ಆದರೆ ಪ್ಯಾಡುಗಳನ್ನು ಹಿಡಿದಿರುವ ಇಕ್ಕಳವನ್ನು ಆಚೀಚೆ ಜಾರಿಸುವ ಪಿನ್ನುಗಳಿವೆ, ಅವಕ್ಕೆ ರಬ್ಬರಿನ ಟೋಪಿಗಳಿವೆ. ಆ ಪಿನ್ನುಗಳಿಗೆ ಮಾತ್ರ ಏನಾದರೂ ಹಚ್ಚಲೇಬೇಕು. ಏನು ಹಚ್ಚುವುದು? ರಬ್ಬರಿಗೆ ಒಗ್ಗದ್ದನ್ನು ಹಚ್ಚಿದರೆ ರಬ್ಬರು ಉಬ್ಬಿ, ಪಿನ್ನು ಸಿಕ್ಕಿಹಾಕಿಕೊಂಡು, ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟರೆ?

"ಸಿಲಿಕೋನ್ ಗ್ರೀಸ್ ಹಾಕ್ಬೇಕು ಅಂತ ಎಲ್ರೂ ಹೇಳ್ತಾರೆ" ಎಂದರು ಭಾವ. "ಆದ್ರೆ ಹೇಳಿದ್ದನ್ನೆಲ್ಲ ನಂಬ್ಲಿಕ್ಕೆ ಆಗ್ತದಾ? ನೋಡ್ಬೇಕು."

ಮರುದಿನ ಅಕ್ಕನ ಕುಕ್ಕರು ಕೂಗಲಿಲ್ಲ. ಸುಸ್ ಸುಸ್ ಎಂದು ಸುತ್ತಲೂ ಹಬೆ ಬಿಡುತ್ತಾ ಕೂತಿತು. ತೆರೆದು ನೋಡಿದರೆ ಗ್ಯಾಸ್ಕೆಟ್ಟೇ ಇಲ್ಲ! ಅದು ತುಂಡುತುಂಡಾಗಿ, ಸ್ಟೀಲಿನ ಸಣ್ಣ ಬಟ್ಟಲುಗಳಲ್ಲಿ, ಒಂದರಲ್ಲಿ ತೆಂಗಿನೆಣ್ಣೆ, ಒಂದರಲ್ಲಿ ಪೆಟ್ರೋಲಿಯಂ ಜೆಲ್ಲಿ, ಒಂದರಲ್ಲಿ ಬೇರಿಂಗಿಗೆ ಹಾಕುವ ಗ್ರೀಸು, ಒಂದರಲ್ಲಿ ಸಿಲಿಕೋನ್ ಎಂದು ಅಡುಗೆಮನೆಯ ಕಿಟಕಿಯ ಕೆಳಗೆ ಸಾಲಾಗಿ ನೆನೆಯುತ್ತಿತ್ತು. ದಿನವೂ ಫ್ಯಾಕ್ಟರಿಯಿಂದ ಬಂದವರೇ ಶೂ ಕೂಡ ಬಿಚ್ಚದೆ ಹೋಗಿ ಚಿಮಟದಲ್ಲಿ ಎತ್ತಿ ನೋಡುತ್ತಿದ್ದರು. ಅವು ಜಪ್ಪಯ್ಯ ಎಂದರೂ ಉಬ್ಬಲಿಲ್ಲ. ಅವರ ಹನ್ನೆರಡನೇ ಕ್ಲಾಸಿನ ಮಗಳು ಒಂದು ದಿನ ನಿಂತು ನೋಡಿ, "ಡ್ಯಾಡಿ, ದಟ್ಸ್ ಎ ಡಿಫರೆಂಟ್ ರಬ್ಬರ್" ಎಂದು ಹೇಳಿ ಹೋದಳು. ಒಂದು ಗ್ಯಾಸ್ಕೆಟ್ ಸತ್ತದ್ದು ದಂಡವಾಯಿತು!

ಭಾವ ಸೋಲುವವರೇ? ಘಾಲಾದಲ್ಲಿ ಬಂಟ್ವಾಳ ಕಡೆಯ ಒಬ್ಬ ಬ್ಯಾರಿಗಳ ಸ್ಪೇರ್‌ಪಾರ್ಟ್ ಅಂಗಡಿ ಉಂಟು. ಅವರಲ್ಲಿ ಹೋಗಿ ಹಳೇ ಬ್ರೇಕಿನಿಂದ ತೆಗೆದು ಬಿಸಾಡಿದ ರಬ್ಬರ್ ಟೋಪಿಗಳನ್ನು ಬೇಡಿ ತಂದು, ಅದೇ ಬಟ್ಟಲುಗಳಲ್ಲಿ ನೆನೆಹಾಕಿದರು. ತಂದದ್ದು ಮಾತ್ರವಲ್ಲ, ದಿನ ಬಿಟ್ಟು ದಿನ ಹೋಗಿ ಅವರನ್ನು ಪ್ರಶ್ನೆ ಕೇಳಿ ಪೀಡಿಸಿದರು. ಕೊನೆಗೆ ಬ್ಯಾರಿಗಳೇ ಕೇಳಿದರಂತೆ, "ಅಣ್ಣ, ನೀವು ಕಾರಿಗೆ ಬ್ರೇಕ್ ಹಾಕುದಾ, ಅಲ್ಲ ಅದಕ್ಕೆ ಗಂಡು ಹುಡುಕುದಾ?"

ಈ ಸಲ ಪ್ರಯೋಗ ಫಲಿಸಿತು. ಫಲಿಸಿದ್ದು ನನಗೆ ಹೇಗೆ ಗೊತ್ತೆಂದರೆ, ಅದನ್ನು ಮೊದಲು ಕಂಡವಳು ನಾನೇ. ಮಧ್ಯಾಹ್ನ ಗಂಜಿ ಉಂಟಾ ಎಂದು ಕೆಳಗೆ ಬಂದಿದ್ದೆ. ಬಟ್ಟಲಿನಲ್ಲಿ ಎಣ್ಣೆಯೊಳಗೆ ಕಪ್ಪಗೆ, ಮೆತ್ತಗೆ, ಉಬ್ಬಿಕೊಂಡ ಏನೋ ಇತ್ತು. ಇಲ್ಲಿ ಕಪ್ಪು ಒಣ ನಿಂಬೆ ಸಿಗುತ್ತದಲ್ಲ, ಅಕ್ಕ ಅದರದ್ದೇ ಉಪ್ಪಿನಕಾಯಿ ಹಾಕಿದ್ದಾಳೆಂದು ಒಂದು ತುಂಡು ಗಂಜಿಗೆ ಬಡಿಸಿಕೊಂಡೆ. ಅಗಿದೆ. ಅಗಿದೇ ಅಗಿದೆ! ಅಷ್ಟರಲ್ಲಿ ಭಾವ ಬಂದರು. ನನ್ನ ಬಾಯಿಂದ ಅದನ್ನು ಉಗಿಸಿ, ಬೆಳಕಿಗೆ ಹಿಡಿದು ನೋಡಿ, "ಉಬ್ಬಿದೆ!" ಎಂದು ಕುಣಿದರು. ನನ್ನ ಹಲ್ಲು ಏನಾಯಿತೆಂದು ಕೇಳಿದವರಿಲ್ಲ. ತೆಂಗಿನೆಣ್ಣೆಯದ್ದೂ ಬೇರಿಂಗ್ ಗ್ರೀಸಿನದ್ದೂ ನೆನೆದ ಕಡಲೆಯ ಹಾಗೆ ದಪ್ಪವಾಗಿದ್ದವು, ಪೆಟ್ರೋಲಿಯಂ ಜೆಲ್ಲಿಯದ್ದು ಲೊಳಲೊಳ ಆಗಿತ್ತು. ಸಿಲಿಕೋನಿನದ್ದು ಮಾತ್ರ ಹಾಕಿದ ಹಾಗೇ ಇತ್ತು. ಆ ರಾತ್ರಿ ಊಟಕ್ಕೆ ಕೂತಾಗ ಭಾವ ತೆಂಗಿನೆಣ್ಣೆಯ ಬಾಟಲಿಯನ್ನು ನೋಡಿ, "ನಿನ್ನಿಂದಲೂ ಆಗದ್ದು ಉಂಟಲ್ಲ" ಎಂದರು.

ಅಕ್ಕನ ಕೆಲಸ ಶುರುವಾಗುವುದು ಭಾನುವಾರ. ಶುಕ್ರವಾರ ಬೆಳಿಗ್ಗೆ ಕಟ್ಟಡದ ನೆರಳಿನಲ್ಲಿ ಭಾವ ಕಾರಿಗೆ ಜಾಕ್ ಕೊಟ್ಟರು. ಪಾನಾ, ಸ್ಪ್ಯಾನರ್ ಎತ್ತಿಕೊಡಲು ನಾನು. ಕೆಲಸಕ್ಕಿಂತ ಉಪದೇಶವೇ ಜಾಸ್ತಿ. "ಪಿನ್ನಿಗೆ ಮಾತ್ರ ಸಿಲಿಕೋನ್, ಅದೂ ತೆಳ್ಳಗೆ. ಪ್ಯಾಡಿಗೆ ಇಲ್ಲ, ಡಿಸ್ಕಿಗೆ ಇಲ್ಲ. ನೀನು ಬಗ್ಗಿ ನೋಡ್ಬೇಡ, ನಿನ್ನ ತಲೆಯ ಎಣ್ಣೆ ಬಿದ್ರೆ?" ನನಗೆ ತಲೆಗೆ ಟವೆಲು ಕಟ್ಟಿಸಿದರು! ಕೈಗವಸು ಹಾಕಿಕೊಳ್ಳಿ ಎಂದರೆ, ಬೆರಳಿಗೆ ಗೊತ್ತಾಗುವುದಿಲ್ಲ ಎಂದರು. ಎರಡೂ ಕಡೆ ಹೊಸ ಪ್ಯಾಡು ಕೂತಿತು, ಚಕ್ರ ಬಿಗಿಯಾಯಿತು. ಭಾವ ಎರಡೂ ಕೈ ಚಾಚಿ ತೋರಿಸಿದರು. "ನೋಡು, ಒರೆಸಿದ ಕೂಡ್ಲೇ ಹೋಯ್ತು, ಒಂದು ಚೂರು ಕಪ್ಪು ಹಿಡಿದಿಲ್ಲ!"

ಹಿಡಿದಿರಲಿಲ್ಲ, ನಿಜ. ಯಾಕೆ ಹಿಡಿಯಲಿಲ್ಲ ಎಂದು ನಾನೂ ಕೇಳಲಿಲ್ಲ.

ಪರೀಕ್ಷೆಗೆಂದು ಹೊರಟೆವು. ಅಕ್ಕ ಸ್ಟಿಯರಿಂಗಿನಲ್ಲಿ, ಭಾವ ಪಕ್ಕದಲ್ಲಿ, ನಾನು ಹಿಂದೆ. ನಮ್ಮ ಬೀದಿಯ ಇಳಿಜಾರಿನಲ್ಲಿ ನಾಲ್ಕೈದು ಸಲ ಬ್ರೇಕ್ ಹಾಕುವಷ್ಟರಲ್ಲಿ ಘಮ್ಮೆಂದು ಪರಿಮಳ ಬಂತು. "ಯಾರ ಮನೆಯಲ್ಲೋ ಬಾಳೆಕಾಯಿ ಚಿಪ್ಸ್ ಕರೀತಿದ್ದಾರೆ" ಎಂದೆ. ನಿಜಕ್ಕೂ ಬಾಯಲ್ಲಿ ನೀರೂರಿತ್ತು. ಮುಂದಿನ ಬೀದಿಗೆ ಹೋದೆವು, ಅಲ್ಲಿಯೂ ಚಿಪ್ಸ್. ಅದರಾಚೆಯೂ ಚಿಪ್ಸ್! ಅಷ್ಟರಲ್ಲಿ ರಸ್ತೆಯ ಉಬ್ಬು ಬಂತು. ಅಕ್ಕ ಬ್ರೇಕ್ ಒತ್ತಿದಳು, ಕಾರು ಮೆಲ್ಲಗಾಗುವ ಮನಸ್ಸು ಮಾಡಲಿಲ್ಲ, ಉಬ್ಬು ಹಾರಿ ದಡಕ್ಕೆಂದು ಇಳಿದು ಆಮೇಲೆ ನಿಂತಿತು. ನನ್ನ ತಲೆ ಕಾರಿನ ಛಾವಣಿಗೆ ತಾಗಿತು.

ಅಕ್ಕ ಮೂಗು ಅರಳಿಸಿದಳು. "ಎಲ್ಲಿ, ನಿಮ್ಮ ಕೈ ಕೊಡಿ" ಎಂದಳು. ಗಂಡನ ಅಂಗೈಯನ್ನು ಮೂಗಿನ ಹತ್ತಿರ ಹಿಡಿದಳು.

"ತೆಂಗಿನೆಣ್ಣೆ! ಹಲಸಿನಕಾಯಿ ಕೊರೀಲಿಕ್ಕೆ ಹೊರಟದ್ದಾ ನೀವು?"

ನಮ್ಮ ಕಡೆ ಹಲಸು ಕೊರೆಯುವ ಮೊದಲು ಎರಡೂ ಕೈಗೆ, ಕತ್ತಿಗೆ ತೆಂಗಿನೆಣ್ಣೆ ಬಳಿದುಕೊಳ್ಳುತ್ತಾರೆ, ಮೇಣ ಅಂಟಬಾರದೆಂದು. ನಡೆಯಲು ಕಲಿತಾಗಿನಿಂದ ಮಾಡಿ ಬಂದದ್ದು. ಅಂಟಿನ ಕೆಲಸ, ಕೊಳೆಯ ಕೆಲಸ ಎಂದ ಕೂಡಲೇ ನಮ್ಮ ಕೈ ತಾನಾಗಿಯೇ ಎಣ್ಣೆಯ ಬಾಟಲಿಗೆ ಹೋಗುತ್ತದೆ. ಭಾವನ ಕೈಯೂ ಹೋಗಿತ್ತು. ಇಷ್ಟೆಲ್ಲ ಬಟ್ಟಲು, ಇಷ್ಟೆಲ್ಲ ವೀಡಿಯೊ, ನನ್ನ ತಲೆಗೆ ಟವೆಲು! ಕೊನೆಗೆ ಆ ಮಹಾನುಭಾವರು ಮೊಣಕೈವರೆಗೆ ಎಣ್ಣೆ ಸವರಿಕೊಂಡು ಬಂದು ಹೊಚ್ಚಹೊಸ ಪ್ಯಾಡುಗಳನ್ನು ಹತ್ತೂ ಬೆರಳಿನಿಂದ ಮುಟ್ಟಿ ಜೋಡಿಸಿದ್ದರು!

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕನೂ ನಗಲು ಶುರುಮಾಡಿದವಳು ಗಂಡನ ಮುಖ ನೋಡಿ ನಿಲ್ಲಿಸಿದಳು. ಭಾವ ಕಾರಿನಿಂದ ಇಳಿದು ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. "ಘಾಟಿಯಲ್ಲಾಗಿದ್ರೆ?" ಎಂದರು. ಅಂಗೈ ಒರೆಸಿಕೊಳ್ಳುತ್ತಾ, "ಗ್ಯಾರೇಜಿಗೆ ಕೊಡುವ. ನಾನಿನ್ನು ಮುಟ್ಟುದಿಲ್ಲ" ಎಂದರು.

"ನಿಮ್ಮ ಕೈಯಿಂದಲೇ ಆಗ್ಬೇಕು" ಎಂದಳು ಅಕ್ಕ. "ಬೇರೆ ಯಾರು ಮಾಡಿದ್ರೂ ನಾನು ಆ ಕಾರು ಹತ್ತುದಿಲ್ಲ. ಕೆಲಸ ಹೋದ್ರೆ ಹೋಯ್ತು."

ಎಣ್ಣೆ ಕುಡಿದ ಪ್ಯಾಡುಗಳನ್ನು ಒರೆಸಿ ಮತ್ತೆ ಹಾಕುವಂತಿಲ್ಲ. ಸಂಜೆ ಅಂಗಡಿ ತೆರೆಯುವುದನ್ನೇ ಕಾದು ಹೊಸ ಜೊತೆ ತಂದರು. ಶನಿವಾರ ನಡೆದದ್ದು ಮಾತ್ರ ಬ್ರೇಕಿನ ಕೆಲಸವಲ್ಲ, ಪೂಜೆ. ಡಿಸ್ಕುಗಳಿಗೆ ಬ್ರೇಕ್ ಕ್ಲೀನರಿನ ಅಭಿಷೇಕ. ಭಾವನಿಗೆ ಪಾತ್ರೆ ತೊಳೆಯುವ ಸೋಪಿನಲ್ಲಿ ಮೊಣಕೈವರೆಗೆ ಸ್ನಾನ. ಅಕ್ಕ ಪಕ್ಕದಲ್ಲೇ ಸ್ಟೂಲು ಹಾಕಿ ಕೂತಿದ್ದಳು. ಪ್ಯಾಡು ಮುಟ್ಟುವ ಮೊದಲು ಪ್ರತಿಸಲವೂ ಭಾವ ಅಂಗೈ ಚಾಚಬೇಕು, ಅವಳು ಹಿಡಿದು ಮೂಸಿ ನೋಡಿ 'ಹ್ಞಾಂ' ಎನ್ನಬೇಕು. ಕಾಲೇಜಿಗೆ ಹೋಗುವ ವಯಸ್ಸಿನ ಮಗಳಿರುವ ಗಂಡ ಹೆಂಡತಿ, ಹಾಡುಹಗಲು ಪಾರ್ಕಿಂಗಿನಲ್ಲಿ ಹೀಗೆ ಕೈಕೈ ಹಿಡಿದು ಮೂಸುತ್ತಾ ಕೂತರೆ ನೋಡಿದವರು ಏನೆಂದುಕೊಂಡಾರು? ಎದುರುಮನೆಯ ಯಜಮಾನರು ಗೇಟು ತೆರೆದು ನೋಡಿ, ಮೆಲ್ಲಗೆ ಮುಚ್ಚಿಕೊಂಡರು. ಸಂಜೆ ಖಾಲಿ ರಸ್ತೆಯಲ್ಲಿ ಅಕ್ಕ ಮತ್ತೆ ಮತ್ತೆ ಓಡಿಸಿ ನಿಲ್ಲಿಸಿ ನೋಡಿದಳು. ಚಿಪ್ಸ್ ಇಲ್ಲ, ಸದ್ದಿಲ್ಲ. ಕಾರು ಹೇಳಿದಲ್ಲಿ ನಿಂತಿತು.

ಶನಿವಾರ ರಾತ್ರಿಯೇ ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು, "ನೀವು ಪಕ್ಕದಲ್ಲಿ ಕೂತ್ರೆ ನಾನು ಓಡಿಸುದಿಲ್ಲ. ಒಬ್ಳೇ ಹೋಗುದು." ಭಾನುವಾರ ಬೆಳಿಗ್ಗೆ ಆರಕ್ಕೆ ನನ್ನ ಬಾಗಿಲು ತಟ್ಟಿದ ಸದ್ದು. ನೋಡಿದರೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಭಾವ ನಿಂತಿದ್ದಾರೆ.

"ನೀನು ಹೇಗೂ ಬೌಷರ್‌ಗೆ ಆಫೀಸಿಗೆ ಹೋಗ್ತಿಯಲ್ಲ. ನನಗೂ ಆ ಕಡೆ ಸ್ವಲ್ಪ ಕೆಲಸ ಉಂಟು."

"ನನ್ನ ಆಫೀಸು ಎಂಟಕ್ಕೆ. ಈ ಹೊತ್ತಿಗೆ ನಿಮಗೆಂಥಾ ಕೆಲಸ ಭಾವ?"

"ಉಂಟು. ಬೇಗ ಹೊರಡು."

ಯಲ್ಲಾ, ಹೋಗುವ ಎಂದು ಹೊರಟೆ. ಅಕ್ಕನ ಕಾರು ಮುಂದೆ, ನಮ್ಮದು ಹಿಂದೆ. ನೆತ್ತಿ ದಾಟಿ ಇಳಿಜಾರು ಶುರುವಾಯಿತು. ಪ್ರತಿ ತಿರುವಿನಲ್ಲಿ ಅಕ್ಕನ ಕಾರಿನ ಕೆಂಪು ದೀಪ ಹೊತ್ತಿದಾಗ ಭಾವನ ಬಲಗಾಲು ನನ್ನ ಕಾರಿನ ನೆಲವನ್ನು ಒತ್ತುತ್ತಿತ್ತು. ದೀಪ ಆರಿದಾಗ ಕಾಲು ಸಡಿಲವಾಗುತ್ತಿತ್ತು.

"ಭಾವ, ಆ ಬದಿಯಲ್ಲಿ ಬ್ರೇಕಿಲ್ಲ" ಎಂದೆ.

ಅವರು ನಗಲಿಲ್ಲ. ನಾನೂ ಬಿಡಲಿಲ್ಲ. "ಇಷ್ಟು ಹೆದರಿಕೆ ಇದ್ರೆ, ಈ ಕೆಲಸವೇ ಬೇಡ ಅಂತ ಅಕ್ಕನಿಗೆ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಅವಳು ಬಿಡ್ತಿದ್ಳು ಮಾರಾಯ್ತಿ" ಎಂದರು, ಕಣ್ಣು ಕೆಂಪು ದೀಪದ ಮೇಲೆಯೇ ಇತ್ತು. "ಅದಕ್ಕೇ ಹೇಳ್ಲಿಲ್ಲ. ಮದುವೆಯಾದಾಗ ಶಾಲೆ ಬಿಟ್ಟು ಬಾ ಅಂದೆ, ಬಿಟ್ಟು ಬಂದ್ಳು. ನನ್ನ ಶಿಫ್ಟು ನೋಡಿ ಹಬ್ಬ ಮಾಡಿದ್ಳು, ನನ್ನ ರಜೆ ನೋಡಿ ತಾಯಿಮನೆಗೆ ಹೋದ್ಳು. ಪೇಟೆಗೆ ಹೋಗ್ಬೇಕಾದ್ರೂ ನಾನು ನಿದ್ದೆ ಮಾಡಿ ಏಳುವವರೆಗೆ ಕಾದು ಕೂತವಳು. ಇನ್ನು ಅವಳಿಗೆ ಹೋಗ್ಬೇಕು ಅಂತ ಕಂಡಾಗ ಹೋಗ್ಲಿ. ನಿಲ್ಲಿಸ್ಬೇಕು ಅಂತ ಕಂಡಲ್ಲಿ ಗಾಡಿ ನಿಲ್ಬೇಕು. ಅಷ್ಟಾದ್ರೂ ನನ್ನ ಕೈಯಿಂದ ಆಗ್ಬೇಕಲ್ಲ."

ನಾನು ವೇಗ ತಗ್ಗಿಸಿ ಅಕ್ಕನ ಕಾರಿಗೆ ಇನ್ನಷ್ಟು ಜಾಗ ಬಿಟ್ಟೆ.

ಘಾಟಿ ಇಳಿದು ಬೌಷರ್‌ನ ಸಿಗ್ನಲ್ ಬಂತು. ಕೆಂಪು. ಅಕ್ಕನ ಕಾರು ಮೆಲ್ಲಮೆಲ್ಲಗೆ ಬಂದು, ಬಿಳಿ ಗೆರೆಯ ಹಿಂದೆ ಸದ್ದಿಲ್ಲದೆ ನಿಂತಿತು. ಭಾವ ಅಲ್ಲಿಯವರೆಗೆ ಹಿಡಿದುಕೊಂಡಿದ್ದ ಉಸಿರನ್ನು ಬಿಟ್ಟರು. ಹಸಿರಾಯಿತು. ಅವಳು ಹೊರಟಳು.

"ಬದಿಗೆ ಹಾಕು" ಎಂದರು ಭಾವ. "ಇನ್ನು ಹಿಂದೆ ಹೋಗುದು ಬೇಡ. ಹೋಗ್ಲಿ ಅವಳು."

ನಾನು ನಿಲ್ಲಿಸಿದೆ. ಅಕ್ಕನ ಕಾರು ನೂರಾರು ಕಾರುಗಳ ನಡುವೆ ಸೇರಿಹೋಗುವವರೆಗೂ ಅವರು ಕತ್ತು ಚಾಚಿ ನೋಡುತ್ತಿದ್ದರು. ಆಮೇಲೆ ಇಸ್ತ್ರಿ ಹಾಕಿದ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿ, ಮೊದಲ ಸಲ ಹುಡುಗಿ ನೋಡಿದವರ ಹಾಗೆ ನಾಚಿಕೊಂಡು ಕೇಳಿದರು:

"ಚಂದ ಓಡಿಸ್ತಾಳೆ, ಅಲ್ವಾ?"